ನದಿ ನಿಲ್ಲಿಸುತ್ತಿದ್ದ ಗೇಟಕ್ಕ

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು. ಒಲೆ ಹಚ್ಚಿ ನೀರಿಗಿಡುವುದು. ಹಾಸಿಗೆ ಹಿಡಿದ ಅತ್ತೆಯನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಪೌಡರ್ ಹಚ್ಚಿ, ಒದ್ದೆ ಹಾಸನ್ನು ಎಳೆದು ಒಣ ಹಾಸನ್ನು ಒಳತಳ್ಳುವುದು. ಒದ್ದೆ ಹಾಸನ್ನು ಬಕೆಟ್ಟಿನಲ್ಲಿ ನೆನೆಹಾಕುವುದು. ಹಿಟ್ಟು ಕಲಸಿ ಮುಚ್ಚಿಡುವುದು. ಅದು ಹದಕ್ಕೆ ಬರುವಷ್ಟರಲ್ಲಿ ಹೊರಗೆ ಹೋಗಿ, ಉದ್ದ ಹಿಡಿಯ ಕಬ್ಬಿಣದ ಹಲ್ಲುಕೋಲು ಹಿಡಿದು, ನದಿಗೆ ಅಡ್ಡವಾಗಿ ನಿಂತ ಜಾಲರಿಗೆ ಸಿಕ್ಕಿಕೊಂಡ ಎಲೆ, ಕೊಂಬೆ, ಬಾಟಲಿ, ಒಂಟಿ ಚಪ್ಪಲಿಗಳನ್ನು ಎಳೆದೆಳೆದು ದಡಕ್ಕೆ ಹಾಕುವುದು. ಅಳತೆಗಂಬದ ಮೇಲೆ ಟಾರ್ಚು ಬಿಟ್ಟು ನೀರಿನ ಮಟ್ಟ ನೋಡುವುದು. ಎರಡೂ ಕೈಯಿಂದ ಕಬ್ಬಿಣದ ಚಕ್ರ ಹಿಡಿದು ಗೇಟನ್ನು ಅಷ್ಟಿಷ್ಟು ಎತ್ತುವುದು, ಇಲ್ಲವೇ ಇಳಿಸುವುದು. ಒಳಗೆ ಬಂದು ಕೈ ತೊಳೆದು ಹಿಟ್ಟು ಲಟ್ಟಿಸುವುದು. ಗಂಡನನ್ನು ಎಬ್ಬಿಸುವುದು. ನೀರಿನ ಮಟ್ಟ ಎಷ್ಟೆಂದು ಅವನಿಗೆ ಹೇಳುವುದು. ಅವನು ಅದನ್ನು ಇಲಾಖೆಗೆ ಫೋನ್ ಮಾಡಿ ತಿಳಿಸುವುದು ಅವಳ ಕೆಲಸವಲ್ಲ. ಆ ಫೋನನ್ನು ನೆನಪಿಟ್ಟು ಚಾರ್ಜಿಗೆ ಹಾಕಿರುವುದು ಅವಳದೇ.

ಸರ್ಕಾರದ ಲೆಕ್ಕದಲ್ಲಿ ಆ ನದಿಯ ಗೇಟು ಕಾಯುವವನು ಅವಳ ಗಂಡ. ಸಂಬಳ ಅವನದು, ಎದೆಯ ಮೇಲೆ ಬಿಲ್ಲೆ ಇರುವ ಅಂಗಿ ಅವನದು, ಗೇಟಿನ ಪಕ್ಕದ ಎರಡು ಕೋಣೆಯ ಮನೆಯೂ ಅವನ ಹುದ್ದೆಗೆ ಕೊಟ್ಟದ್ದು. ಮದುವೆಯಾದ ಹೊಸತರಲ್ಲಿ ಚಕ್ರ ತಿರುಗಿಸುತ್ತಿದ್ದವನೂ ಅವನೇ. ಒಂದು ಚಳಿಗಾಲ ಅವನಿಗೆ ಜ್ವರ ಬಂತು. "ಇವತ್ತೊಂದಿನ ನೀನೇ ತಿರುಗಿಸಿಬಿಡೇ" ಅಂದ. ಜ್ವರ ಅವನನ್ನು ಬಿಟ್ಟಿತು, ಚಕ್ರ ಅವಳನ್ನು ಬಿಡಲಿಲ್ಲ. ಅದಕ್ಕಾಗಿ ಯಾರೂ ಜಗಳವಾಡಲಿಲ್ಲ, ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಮನೆಯ ಕೆಲಸಗಳು ಹೆಂಗಸಿನ ಪಾಲಿಗೆ ಬರುವುದೇ ಹಾಗೆ. ಒಂದು ದಿನದ ಮಟ್ಟಿಗೆಂದು ಒಳಗೆ ಬಂದು, ಒಲೆಯ ಪಕ್ಕ ಜಾಗ ಮಾಡಿಕೊಂಡು ಕೂತುಬಿಡುತ್ತವೆ. ನದಿಯೂ ಹಾಗೇ ಬಂದು ಅವಳ ಅಡುಗೆಮನೆಯ ಕೆಲಸಗಳ ನಡುವೆ ಕೂತಿತು.

ಗಂಡ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ, ನಾಲ್ಕು ಜನ ಸೇರಿದ ಕಡೆ ನಗಿಸಬಲ್ಲವನು. ಊರಿನವರು ಅವಳನ್ನು ಗೇಟಕ್ಕ ಎಂದು ಕರೆಯುವುದು ತಾನು ಗೇಟು ಕಾಯುವವನಾದ್ದರಿಂದ ಎಂದು ಅವನು ನಂಬಿದ್ದ. ಊರಿನವರು ಅವನ ನಂಬಿಕೆ ಕೆಡಿಸಲಿಲ್ಲ.

ಊರಿಗೆ ಸ್ವಲ್ಪ ಮೇಲೆ ನದಿ ಎರಡಾಗುತ್ತದೆ. ಒಂದು ಕವಲು ಗೇಟಿನ ಕೆಳಗಿಂದ ನುಗ್ಗಿ ಊರಿನ ನಡುವೆ ಹರಿಯುತ್ತದೆ. ಇನ್ನೊಂದು ಹಳೆಯ ಕಾಲುವೆಯಾಗಿ ಊರನ್ನು ಹಿಂದಿನಿಂದ ಬಳಸಿಕೊಂಡು ಹೋಗಿ ಕೆಳಗೆ ಮತ್ತೆ ಕೂಡುತ್ತದೆ. ಗೇಟು ಪೂರ್ತಿ ಇಳಿಸಿದರೆ ನೀರೆಲ್ಲ ಕಾಲುವೆಗೆ ತಿರುಗಿ, ಊರಿನ ನಡುವಿನ ನದಿ ಖಾಲಿಯಾಗುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ನೀರು ಇಳಿದಿರುವ ಒಂದು ಭಾನುವಾರ ಹಾಗೆ ಇಳಿಸುತ್ತಿದ್ದರು. ಅಂದು ಊರಿನ ಜನ ನದಿಯ ತಳಕ್ಕೇ ಇಳಿದು ಕಸ ಎತ್ತುತ್ತಿದ್ದರು. ಸಂಜೆ ನೀರು ಬಿಟ್ಟ ಮೇಲೆ ಅದೇ ಜನ ದೋಣಿ ಹತ್ತಿ, ಈಜಿ, ಮಕ್ಕಳನ್ನು ಆಡಿಸಿ, ದಡದಲ್ಲಿ ಹಾಡಿ ಮನೆಗೆ ಹೋಗುತ್ತಿದ್ದರು.

ಆ ಭಾನುವಾರ ಕತ್ತಲಿರುವಾಗಲೇ ಅವಳು ಗೇಟು ಇಳಿಸಲು ಶುರುಮಾಡುತ್ತಿದ್ದಳು. ಹಲ್ಲುಚಕ್ರ ಕಟಕಟನೆ ಒಂದೊಂದೇ ಹಲ್ಲು ಇಳಿಯುವುದು. ಕೆಳಗೆ ನೀರು ಮೊದಲು ಗೊಣಗುವುದು, ಆಮೇಲೆ ಕಿರಿದಾದ ಸಂದಿನಲ್ಲಿ ಸೀಳಿಕೊಂಡು ಕಿರುಚುವುದು, ಆಮೇಲೆ ಒಂದು ಉದ್ದನೆಯ ಉಸಿರು. ಆಮೇಲೆ ಏನೂ ಇಲ್ಲ.

ಆ ಏನೂ ಇಲ್ಲದ್ದನ್ನು ಕೇಳಿದವರಿಗೇ ಗೊತ್ತು. ಆ ಊರಿನವರು ಹುಟ್ಟಿದಾಗಿನಿಂದ ನದಿಯ ಸದ್ದಿನೊಳಗೇ ಬೆಳೆದವರು, ಅದು ಕೇಳಿಸುತ್ತಿದೆ ಎನ್ನುವುದೇ ಅವರಿಗೆ ಮರೆತಿತ್ತು. ಅದು ನಿಂತಾಗ ತೊಟ್ಟಿಲಲ್ಲಿ ಮಲಗಿದ ಕೂಸುಗಳು ಬೆಚ್ಚಿ ಏಳುತ್ತಿದ್ದವು. ನಾಯಿಗಳು ಬೀದಿಯ ನಡುವೆ ನಿಂತು ಕಿವಿ ನಿಮಿರಿಸುತ್ತಿದ್ದವು. ಒಂದೊಂದೇ ಮನೆಯಲ್ಲಿ ದೀಪ ಹತ್ತುತ್ತಿತ್ತು. ಇಷ್ಟು ದೊಡ್ಡ ಮೌನವನ್ನು ಊರಿನ ಮೇಲೆ ಹೊದಿಸಿದ ಹೆಂಗಸು ಮಾತ್ರ ಚಕ್ರದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಪ್ರತಿ ವರ್ಷವೂ ಅವಳ ಮೈ ಝುಮ್ಮೆನ್ನುತ್ತಿತ್ತು. ತನ್ನ ಎರಡು ಕೈ, ಹಿಟ್ಟು ಕಲಸಿದ ಕೈ, ನದಿ ನಿಲ್ಲಿಸಿದವು ಎಂದು ಅವಳಿಗೇ ನಂಬಿಕೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆಯುತ್ತಿದ್ದರು.

ನದಿಗಿಳಿಯುವ ಕೆಲಸಕ್ಕೆ ಒಂದು ಪದ್ಧತಿಯಿತ್ತು. ಅದನ್ನು ಮಾಡಿದವರು ಡ್ರಿಲ್ ಟೀಚರ್. ಶಾಲೆಯಿಂದ ನಿವೃತ್ತರಾದ ಮೇಲೂ ಕೊರಳಲ್ಲಿ ಸೀಟಿ ಬಿಡದ, ಎರಡು ಬೀದಿಯಾಚೆಗೂ ಕೇಳಿಸುವ ಗಂಟಲಿನ ಹೆಂಗಸು ಆಕೆ. ದಡದ ಮೆಟ್ಟಿಲ ಬಳಿ ಎರಡು ಕಂಬಕ್ಕೆ ಒಂದು ಹಗ್ಗ, ಕೆಳಗೆ ಬುಟ್ಟಿ ತುಂಬ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಇಳಿಯುವಾಗ ಪ್ರತಿಯೊಬ್ಬರೂ ಹಗ್ಗಕ್ಕೊಂದು ಕ್ಲಿಪ್ಪು ಸಿಕ್ಕಿಸಬೇಕು, ಹತ್ತುವಾಗ ತೆಗೆದು ಬುಟ್ಟಿಗೆ ಹಾಕಬೇಕು. ಹಗ್ಗ ಬರಿದಾಗುವ ತನಕ ನೀರು ಬಿಡುವ ಹಾಗಿಲ್ಲ.

ಒಂದು ವರ್ಷ ಹಗ್ಗದ ಮೇಲೆ ಒಂದೇ ಒಂದು ಕ್ಲಿಪ್ಪು ಉಳಿಯಿತು. ಯಾರದೆಂದು ಯಾರಿಗೂ ಗೊತ್ತಿಲ್ಲ. ಊರಿಗೆ ಊರೇ ಮತ್ತೆ ಕೆಸರಿಗಿಳಿದು ಸೇತುವೆಯ ಕೆಳಗೆ, ಪೊದೆಗಳ ಸಂದಿಯಲ್ಲಿ ಹೆಸರು ಹಿಡಿದು ಕೂಗುತ್ತಾ ಹುಡುಕಿತು. ಕೆಲವರು ಅಳಲು ಶುರುಮಾಡಿದ್ದರು. ಕೊನೆಗೆ ನೋಡಿದರೆ ಅದು ದೋಣಿ ಸಂಘದ ಕಾರ್ಯದರ್ಶಿಯದು. ಆತ ಮಧ್ಯಾಹ್ನವೇ ಬೇರೆ ಕಡೆಯಿಂದ ದಡ ಹತ್ತಿ, ಮನೆಗೆ ಹೋಗಿ, ಉಂಡು, ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು.

"ನಿಮ್ಮ ಹೆಣ ಹುಡುಕ್ತಾ ಇದ್ವಿ ಸಾರ್, ನೀವು ಹೊಟ್ಟೆ ಮೇಲೆ ಮಾಡ್ಕೊಂಡು ಮಲಗಿದೀರಾ!" ಎಂದು ಪಕ್ಕದ ಬೀದಿಯ ಟೈಲರಮ್ಮ ಆತನ ಕಿಟಕಿಯ ಹೊರಗೆ ನಿಂತು ಕೂಗಿದ್ದನ್ನು ಬೀದಿಯ ಜನ ಈಗಲೂ ಹೇಳಿಕೊಂಡು ನಗುತ್ತಾರೆ. ಆವತ್ತಿನಿಂದ ಡ್ರಿಲ್ ಟೀಚರ್ ಇನ್ನೊಂದು ನಿಯಮ ಸೇರಿಸಿದರು. ಯಾರು ಸಿಕ್ಕಿಸಿದ ಕ್ಲಿಪ್ಪೋ ಅವರೇ ಬಂದು ತೆಗೆಯಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ.

ಆ ಬುಟ್ಟಿಯ ಕ್ಲಿಪ್ಪುಗಳಲ್ಲಿ ಅರ್ಧಕ್ಕರ್ಧ ಗೇಟಕ್ಕನ ಮನೆಯವು. ಅವಳ ಕೈಯಿಂದ ಒಂದು ಕ್ಲಿಪ್ಪೂ ಆ ಹಗ್ಗಕ್ಕೆ ಬಿದ್ದಿರಲಿಲ್ಲ.

ಯಾಕೆಂದರೆ ಜನ ತಳದಲ್ಲಿರುವಷ್ಟು ಹೊತ್ತೂ ಗೇಟಿನ ಬಳಿ ಒಬ್ಬರು ಇರಬೇಕು. ಮೇಲಿನಿಂದ ಕೊಂಬೆ ರೆಂಬೆ ಬಂದು ಕಾಲುವೆಯ ಬಾಯಿಗೆ ಕಟ್ಟಿಕೊಂಡರೆ ಎಳೆದು ಬಿಡಿಸಬೇಕು, ಇಲ್ಲದಿದ್ದರೆ ನೀರು ಏರಿ ಗೇಟಿನ ಮೇಲಿಂದ ಹಾರುತ್ತದೆ. ಇರಬೇಕಾದವನು ಗಂಡ. ಅವನು ದಡದಲ್ಲಿ ಜನರನ್ನು ನಗಿಸುತ್ತಾ ಮೈಕಿನ ಹತ್ತಿರ ಇರುತ್ತಿದ್ದ. ಜೊತೆಗೆ ದಡಕ್ಕೆ ಹತ್ತಿರವಾಗಿ ನಲ್ಲಿ, ಬಚ್ಚಲು ಇದ್ದ ಮನೆ ಅವಳದೊಂದೇ. ಸ್ವಯಂಸೇವಕರು ಕೈಕಾಲು ತೊಳೆಯುವುದು ಅಲ್ಲಿ, ಬೂಟು ತೊಳೆಯುವುದು ಅಲ್ಲಿ, ಹೆಂಗಸರು ಸಾಲುಗಟ್ಟಿ ನಿಲ್ಲುವುದು ಅವಳ ಬಚ್ಚಲ ಬಾಗಿಲಲ್ಲಿ. ನದಿಯಿಂದ ಎತ್ತಿದ ಕೆಸರಿನಲ್ಲಿ ಒಂದು ಪಾಲು ಪ್ರತಿ ವರ್ಷ ಅವಳ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಅದನ್ನು ಶುಚಿ ಮಾಡಲು ಸ್ವಯಂಸೇವಕರು ಇರುತ್ತಿರಲಿಲ್ಲ.

ಹಾಗಾಗಿ ನದಿಯ ತಳ ಹೇಗಿದೆ ಎಂದು ಅವಳಿಗೆ ತಿಳಿಯುತ್ತಿದ್ದದ್ದು ಟೈಲರಮ್ಮನ ಬಾಯಿಂದ. ಟೈಲರಮ್ಮ ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಇಳಿಯುವವಳು. ಸೊಂಟದವರೆಗೆ ಕೆಸರಾಗಿ ಬಂದು, ಅಂಗಳದ ಕಲ್ಲಿನ ಮೇಲೆ ಕೂತು, ಟೀ ಲೋಟ ಹಿಡಿದು ಶುರುಮಾಡುತ್ತಿದ್ದಳು.

"ಮೀನು ಕಣೇ! ಗುಂಡಿ ಗುಂಡಿಯಲ್ಲಿ ಉಳ್ಕೊಂಡಿರ್ತಾವಲ್ಲ, ಮೊದಲು ಅವನ್ನ ಬಕೆಟ್ಟಲ್ಲಿ ತುಂಬ್ಕೊಂಡು ಕಾಲುವೆಗೆ ಸಾಗಿಸಿದ್ವಿ. ಕೈಯಿಂದ ಕೈಗೆ, ಕೈಯಿಂದ ಕೈಗೆ. ನನ್ನ ಕೈಗೆ ಬಂದಿದ್ದೊಂದು ಮೀನು, ನಮ್ಮ ಮಾವನೋರ ಥರ ಮೀಸೆ ಬಿಟ್ಕೊಂಡು, ಹಾಗೇ ನೋಡ್ತು ನನ್ನ. ಏನಮ್ಮಾ, ನನ್ನ ಅಂಗಿ ಹೊಲಿದು ಕೊಡ್ಲಿಲ್ಲ ಇನ್ನೂ ಅನ್ನೋ ಹಾಗೆ."

"ಆಮೇಲೆ?"

"ಆಮೇಲೆ ಏನು, ಸೇತುವೆ ಕೆಳಗೊಂದು ಬಂಡೆ. ನೀರು ಅದರ ಮೇಲೆ ಅಲೆಅಲೆಯಾಗಿ ಗೆರೆ ಎಳೆದಿದೆ. ಇಷ್ಟು ವರ್ಷದಿಂದ ಎಷ್ಟು ರೇಷ್ಮೆ ಹೊಲಿದಿದೀನಿ, ಅಂಥಾ ನೆರಿಗೆ ಯಾರ ಕೈಲೂ ಬಿದ್ದಿಲ್ಲ ಬಿಡು."

ಒಂದು ವರ್ಷ ಸೌಟುಗಳು ಸಿಕ್ಕಿದ್ದವು. ಸೌಟು, ಚಮಚ, ಮುಚ್ಚಳ, ಬಳೆ, ಗುಂಡಿ. ದಡದಲ್ಲಿ ಪಾತ್ರೆ ತಿಕ್ಕುವಾಗ, ಬಟ್ಟೆ ಒಗೆಯುವಾಗ ಅದೆಷ್ಟೋ ಕಾಲದಿಂದ ಹೆಂಗಸರ ಕೈಜಾರಿದ್ದೆಲ್ಲ ಆ ತಳದಲ್ಲಿತ್ತು. ಅವನ್ನು ತೊಳೆದು ಒಂದು ಹಾಸಿನ ಮೇಲೆ ಹರಡಿದಾಗ, ಒಬ್ಬ ಮುದುಕಿ ಬಗ್ಗಿ ಒಂದು ಹಿತ್ತಾಳೆ ಸೌಟನ್ನು ಎತ್ತಿಕೊಂಡು, "ಇದು ನಂದು! ಇದು ಕಳೀತು ಅಂತ ನಮ್ಮತ್ತೆ ಮಳೆಗಾಲ ಪೂರ್ತಿ ಮಾತು ಬಿಟ್ಟಿದ್ರು. ನನ್ನ ಬದುಕಲ್ಲಿ ಅಷ್ಟು ನೆಮ್ಮದಿಯ ಮಳೆಗಾಲ ಇನ್ನೊಂದಿಲ್ಲ" ಎಂದಿದ್ದಳು. ಗೇಟಕ್ಕ ಹೊಟ್ಟೆ ಹಿಡಿದು ನಕ್ಕಿದ್ದಳು. ನಗು ನಿಂತ ಮೇಲೆ, ತಾನು ನಿಂತಿದ್ದ ನೆಲದಿಂದ ಸ್ವಲ್ಪವೇ ಕೆಳಗೆ ಅಷ್ಟೆಲ್ಲ ಇದೆಯಲ್ಲ ಎಂದು ಬೆರಗಾಗಿ, ಖಾಲಿ ಲೋಟ ಹಿಡಿದು ಬಹಳ ಹೊತ್ತು ಹಾಗೇ ಕೂತಿದ್ದಳು. ಮುಂದಿನ ವರ್ಷ ಇಳಿದರಾಯಿತು ಅಂದುಕೊಂಡಳು. ಪ್ರತಿ ವರ್ಷ ಹಾಗೇ ಅಂದುಕೊಳ್ಳುತ್ತಿದ್ದಳು.

ಆ ವರ್ಷ ಬೇಸಿಗೆಗೆ ಮುಂಚೆ ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿ ಕೂತಿದ್ದರು. ಡ್ರಿಲ್ ಟೀಚರ್ ಎದ್ದು ನಿಂತು ಹೇಳಿದರು. ಇದೇ ಕೊನೆ. ಮುಂದಿನ ವರ್ಷದಿಂದ ನದಿಯನ್ನು ಖಾಲಿ ಮಾಡುವುದಿಲ್ಲ. ಎಷ್ಟು ಜೋಪಾನ ಮಾಡಿದರೂ ಮೀನುಗಳು ಸಾಯುತ್ತಿವೆ, ಮರಿಗಳಂತೂ ಕಣ್ಣಿಗೇ ಕಾಣದೆ ಸಾಯುತ್ತಿವೆ. ಇನ್ನು ಮೇಲೆ ದೋಣಿಯಿಂದಲೇ ಬಲೆ ಹಾಕಿ ಕಸ ಎತ್ತೋಣ. ಇಲಾಖೆಯೂ ಒಪ್ಪಿದೆ.

ಮಾತು ಸರಿಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೇಟಕ್ಕನೂ ತಟ್ಟಿದಳು. ತಟ್ಟುತ್ತಿರುವಾಗಲೇ ಅವಳ ಎದೆಯೊಳಗೆ ಏನೋ ಜಾರಿ ಕೆಳಗೆ ಬಿದ್ದ ಹಾಗಾಯಿತು. ಈ ಒಂದು ಭಾನುವಾರ ತಪ್ಪಿದರೆ, ಕಣ್ಣು ಮುಚ್ಚುವ ತನಕ ಆ ತಳವನ್ನು ತಾನು ನೋಡುವುದಿಲ್ಲ.

ಅಂದು ರಾತ್ರಿ ಗಂಡನಿಗೆ ಬಡಿಸುತ್ತಾ ಹೇಳಿದಳು. "ಈ ಸಲ ನಾನೂ ಇಳೀಬೇಕು ಅಂತಿದೀನಿ."

"ಎಲ್ಲಿಗೆ?"

"ನದಿಗೆ. ಇನ್ನೆಲ್ಲಿಗೆ, ಬಾವಿಗಾ?"

ಗಂಡ ನಕ್ಕ. "ಇಳಿ. ಯಾರು ಬೇಡ ಅಂದ್ರು? ನೀನೇ ಇಷ್ಟು ವರ್ಷ ಇಳೀಲಿಲ್ಲ."

ಅವಳು ಅವನ ತಟ್ಟೆಗೆ ಸಾರು ಬಡಿಸಿದಳು. "ನಾನು ಹೋದಾಗ ನೀವು ಗೇಟಿನ ಹತ್ತಿರ ಇರಬೇಕು. ಅಮ್ಮನ್ನೂ ನೋಡ್ಕೋಬೇಕು" ಅಂದಳು.

"ಇರ್ತೀನಮ್ಮಾ ತಾಯಿ. ಅಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಸಾಕಾ?"

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ಅವನು ಕೂತ ಕಡೆ ನಿದ್ದೆ ಹೋಗ್ತಾನೆ. ಮಂಚ ಹಾಕ್ಬಿಡು."

ಆ ಭಾನುವಾರ ಎಂದಿಗಿಂತ ಬೇಗ ಎದ್ದಳು. ಗೇಟು ಇಳಿಸಿದಳು. ಕೊನೆಯ ಸಲದ ಆ ಮೌನ ಊರಿನ ಮೇಲೆ ಇಳಿಯುವುದನ್ನು ಕೇಳಿದಳು. ಹಳೆಯ ಬೂಟು ಹುಡುಕಿ ಬಾಗಿಲ ಬಳಿ ಇಟ್ಟುಕೊಂಡಳು. ಬೆಳಗಿನ ತಿಂಡಿ, ಮಧ್ಯಾಹ್ನದ ಅಡುಗೆ ಎರಡನ್ನೂ ಒಟ್ಟಿಗೇ ಮುಗಿಸಿದಳು. ಅತ್ತೆಗೆ ಉಣ್ಣಿಸಿ, ಒರೆಸಿ, ಹಾಸು ಬದಲಿಸಿ, ಕೈಗೆಟಕುವ ಹಾಗೆ ನೀರಿಟ್ಟಳು. ಒಬ್ಬ ಹೆಂಗಸು ತನ್ನ ಮನೆಯಿಂದ ಒಂದು ಗಂಟೆ ಹೊರಗೆ ಹೋಗಬೇಕಾದರೆ ಮೊದಲು ಇಡೀ ದಿನವನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡಬೇಕು.

ಬೂಟು ಹಾಕಿಕೊಳ್ಳುವಷ್ಟರಲ್ಲಿ ದೋಣಿ ಸಂಘದ ಕಾರ್ಯದರ್ಶಿ ಬಂದರು. ಕೊನೆಯ ವರ್ಷವಲ್ಲವೇ, ಇಷ್ಟು ಕಾಲ ಗೇಟು ನೋಡಿಕೊಂಡವರಿಗೆ ಸನ್ಮಾನವಂತೆ. ಗಂಡನನ್ನು ಕೈಹಿಡಿದು ಎಬ್ಬಿಸಿದರು.

"ಹೀಗೆ ಹೋಗಿ ಹಾಗೆ ಬಂದೆ" ಎಂದು ಗಂಡ ಹೋದ.

ಅವಳು ಬೂಟು ಹಾಕಿಕೊಂಡೇ ಕಾದಳು. ಮೈಕಿನಲ್ಲಿ ಯಾರೋ ಅವನ ದಣಿವರಿಯದ ಕೈಗಳನ್ನು ಹೊಗಳುತ್ತಿದ್ದರು. ಆಮೇಲೆ ಅವನ ದನಿ ಕೇಳಿಸಿತು, ನಗು ಕೇಳಿಸಿತು, ಇನ್ನೊಂದು ಜೋಕು, ಇನ್ನಷ್ಟು ನಗು. ಅಷ್ಟರಲ್ಲಿ ಮೇಲಿನಿಂದ ಬುಡಸಮೇತ ಒಂದು ಪೊದೆ ತೇಲಿಬಂದು ಕಾಲುವೆಯ ಬಾಯಿಗೆ ಕಚ್ಚಿಕೊಂಡಿತು. ಅದನ್ನು ಬಿಡಿಸಲು ಬಹಳ ಹೊತ್ತು ಹಿಡಿಯಿತು. ತಿರುಗಿ ನೋಡಿದರೆ ಬಚ್ಚಲ ಮುಂದೆ ಸಾಲು. "ಗೇಟಕ್ಕ, ಸೋಪಿದೆಯಾ?" "ಗೇಟಕ್ಕ, ಒಂದು ಹಳೇ ಟವಲ್ ಕೊಡಿ." "ಗೇಟಕ್ಕ, ಬಕೆಟ್ ತೂತಾಗಿದೆ." ಅತ್ತೆಗೆ ಮತ್ತೆ ಹಾಸು ಬದಲಿಸಬೇಕಾಯಿತು. ಊಟದ ಹೊತ್ತಾಯಿತು. ಗಂಡ ಅಲ್ಲೇ ಎಲ್ಲರ ಜೊತೆ ಊಟಕ್ಕೆ ಕೂತನೆಂದು ಟೈಲರಮ್ಮ ಬಂದು ಹೇಳಿದಳು.

"ನೀನಿನ್ನೂ ಇಲ್ಲೇ ಇದೀಯಾ?" ಟೈಲರಮ್ಮ ಅವಳ ಬೂಟು ನೋಡಿದಳು. "ಇರು, ಹೋಗಿ ಕಿವಿ ಹಿಡಿದು ಎಳ್ಕೊಂಡು ಬರ್ತೀನಿ ನಿನ್ನ ಗಂಡನ್ನ." ಹೋದವಳನ್ನು ಯಾರೋ ದಾರಿಯಲ್ಲೇ ಕೆಸರಿನ ಬಕೆಟ್ಟಿನ ಸಾಲಿಗೆ ಎಳೆದುಕೊಂಡರು.

ಬಿಸಿಲು ಓರೆಯಾಯಿತು. ಗೇಟಕ್ಕ ಕೋಣೆಯಲ್ಲಿ ಅತ್ತೆಯ ಲೋಟ ತೊಳೆದಿಡುತ್ತಿದ್ದಳು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು.

"ಸದ್ದಿಲ್ಲ ಅಲ್ವಾ" ಅಂದರು.

"ಇಲ್ಲ. ಇನ್ನೂ ನೀರು ಬಿಟ್ಟಿಲ್ಲ."

"ನಾನೂ ನಿಲ್ಲಿಸಿದೀನಿ."

ಗೇಟಕ್ಕನ ಕೈ ತಡೆಯಿತು. ಮಾವನೂ ಇದೇ ಗೇಟು ಕಾಯುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ನಿಮ್ಮ ಮಾವನಿಗೆ ಒಂದ್ಸಲ ಜ್ವರ ಬಂತು" ಎಂದರು ಅತ್ತೆ. "ಒಂದು ದಿನದ ಮಟ್ಟಿಗೆ ತಿರುಗಿಸು ಅಂದ್ರು. ಇವನಿಗೆ ಮದುವೆ ಆಗೋವರೆಗೂ ನಾನೇ ತಿರುಗಿಸಿದೆ. ರಿಪೇರಿಗೆ ಅಂತ ಆಗಲೂ ಆಗಾಗ ಪೂರ್ತಿ ಇಳಿಸೋರು. ತಳ ಹೇಗಿರತ್ತೆ, ಇಳಿದು ನೋಡ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಆಮೇಲೆ ಮರೆತುಹೋಯ್ತು."

"ಏನು ಮರೆತುಹೋಯ್ತಮ್ಮ?"

"ಅಂದ್ಕೊಂಡಿದ್ದು."

ಅಷ್ಟು ಹೇಳಿ ಅತ್ತೆ ಕಣ್ಣು ಮುಚ್ಚಿದರು. ಹೊರಗೆ ಡ್ರಿಲ್ ಟೀಚರ್ ಉದ್ದಕ್ಕೆ ಸೀಟಿ ಊದಿದರು. ಎಲ್ಲರೂ ಮೇಲೆ ಬನ್ನಿ ಎಂಬ ಸೀಟಿ ಅದು.

ಗೇಟಕ್ಕ ಹೊರಗೆ ಬಂದು ಕಟ್ಟೆಯ ಮೇಲೆ ನಿಂತಳು. ಜನ ಕೆಸರು ಮೆತ್ತಿದ ಕಾಲೆಳೆದುಕೊಂಡು ಒಬ್ಬೊಬ್ಬರೇ ಮೆಟ್ಟಿಲು ಹತ್ತುತ್ತಿದ್ದರು, ಕ್ಲಿಪ್ಪು ತೆಗೆದು ಬುಟ್ಟಿಗೆ ಹಾಕುತ್ತಿದ್ದರು. ಎರಡೂ ದಡದಲ್ಲಿ ದೋಣಿಗಳು ಮೂಗು ಖಾಲಿ ನದಿಯ ಕಡೆ ಮಾಡಿ ಸಾಲಾಗಿ ನಿಂತಿದ್ದವು. ಮಕ್ಕಳು ಈಜುವ ಬಟ್ಟೆ ಹಾಕಿಕೊಂಡು ಕುಣಿಯುತ್ತಿದ್ದವು. ನೀರು ತುಂಬಲು ಸಮಯ ಬೇಕು. ಈಗಲೇ ಗೇಟು ಎತ್ತಿದರೆ ಮಾತ್ರ ಹೊತ್ತು ಮುಳುಗುವ ಮುನ್ನ ದೋಣಿ ಇಳಿಸಬಹುದು. ಇದು ಅವಳಿಗೂ ಗೊತ್ತು, ದಡದ ಮೇಲಿನ ಎಲ್ಲರಿಗೂ ಗೊತ್ತು.

ಗಂಡ ಓಡುತ್ತಾ ಬಂದ. ಸನ್ಮಾನದ ಫಲಕವನ್ನು ಎದೆಗೆ ಒತ್ತಿಕೊಂಡಿದ್ದ, ಮುಖ ಸಂತೋಷದಿಂದ ಕೆಂಪಾಗಿತ್ತು.

"ಎತ್ತೇ, ಎತ್ತು! ಎಲ್ಲ ಕಾಯ್ತಾ ಇದಾರೆ!"

ಅವಳು ಅವನನ್ನೇ ನೋಡಿದಳು. ಅವನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಬೂಟಿನ ಮೇಲೆ ಒಂದು ಹನಿ ಕೆಸರೂ ಇರಲಿಲ್ಲ.

"ಅಯ್ಯೋ. ನೀನು ಹೋಗ್ಲೇ ಇಲ್ಲ ಅಲ್ವಾ?" ನಿಜವಾಗಿಯೂ ಅವನ ಮುಖ ಸಪ್ಪಗಾಯಿತು. "ಛೆ, ಒಂದು ಮಾತು ಹೇಳಿ ಕಳಿಸಬಾರದಿತ್ತಾ?"

"ಯಾರನ್ನ ಕಳಿಸ್ಲಿ?"

ಅವನು ಫಲಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಹೋಗ್ಲಿ ಬಿಡು. ಕೆಸರು ಬಿಟ್ರೆ ಏನಿದೆ ಅಲ್ಲಿ" ಅಂದ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಯಿಂದ ಇಳಿದಳು. ಚಕ್ರದ ಕಡೆ ಹೋಗಲಿಲ್ಲ. ದಡದ ಜನರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲ ಬಳಿ ಬಂದಳು. ಬರಿದಾದ ಹಗ್ಗವನ್ನು ಡ್ರಿಲ್ ಟೀಚರ್ ಇನ್ನೇನು ಬಿಚ್ಚುವುದರಲ್ಲಿದ್ದರು. ಗೇಟಕ್ಕ ಬಗ್ಗಿ ಬುಟ್ಟಿಯಿಂದ ಒಂದು ಕ್ಲಿಪ್ಪು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು. ಆಮೇಲೆ ಮೆಟ್ಟಿಲಿಳಿದಳು.

"ಏ ಗೇಟಕ್ಕ, ಏನಿದು?" ಕಾರ್ಯದರ್ಶಿ ಬಗ್ಗಿ ಕೂಗಿದರು. "ಮೇಲೆ ಬನ್ನಿ, ನೀರು ಬಿಡಬೇಕು!"

ಡ್ರಿಲ್ ಟೀಚರ್ ಬಿಚ್ಚುತ್ತಿದ್ದ ಗಂಟನ್ನು ಮತ್ತೆ ಬಿಗಿದರು. "ಹಗ್ಗದ ಮೇಲೆ ಕ್ಲಿಪ್ಪಿದೆ. ಬಿಡೋ ಹಾಗಿಲ್ಲ."

"ಅಲ್ಲ ಮೇಡಂ, ಬಿಡಬೇಕಾದೋರೇ ಅವರು!"

"ಹೌದಾ?" ಎಂದರು ಡ್ರಿಲ್ ಟೀಚರ್, ಗಂಡನ ಕೈಯಲ್ಲಿದ್ದ ಫಲಕದ ಕಡೆ ನೋಡುತ್ತಾ. ಗಂಡ ಫಲಕವನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಒಂದು ಸಲ ನಿಮಗೋಸ್ಕರ ಊರೇ ಕಾದಿತ್ತಲ್ಲ ಸಾರ್" ಟೈಲರಮ್ಮ ಕಾರ್ಯದರ್ಶಿಗೆ ಹೇಳಿದಳು. "ಈಗ ಬೇಕಾದ್ರೆ ನೀವೂ ಹೋಗಿ ಮಲಕ್ಕೊಳ್ಳಿ. ಎದ್ದಾಗ ಬನ್ನಿ."

ದಡದ ಮೇಲೆ ನಗು ಹಬ್ಬಿತು. ಆಮೇಲೆ ಅದೂ ನಿಂತಿತು. ಯಾಕೆಂದರೆ ಖಾಲಿ ನದಿಯಲ್ಲಿ ಒಬ್ಬಳೇ ಹೆಂಗಸು ನಡೆದುಹೋಗುವುದನ್ನು ಆ ಊರಿನವರು ಎಂದೂ ನೋಡಿರಲಿಲ್ಲ. ತಳದ ತುಂಬ ಜನ ಗಿಜಿಗುಟ್ಟುವುದನ್ನು ನೋಡಿದ್ದರು. ಈಗ ಅಷ್ಟು ಅಗಲದ ನದಿಯಲ್ಲಿ ಅವಳೊಬ್ಬಳೇ, ಒಂದು ಸಣ್ಣ ನೀಲಿ ಸೀರೆ. ಯಾರ ಕೂಸೋ ಕೈ ಚಾಚಿ ತೋರಿಸಿತು.

ಅವಳಿಗೆ ಮೊದಲು ತಿಳಿದದ್ದು ದಡದ ಎತ್ತರ. ಯಾವಾಗಲೂ ಮೇಲಿನಿಂದ ನೋಡುತ್ತಿದ್ದ ಗೋಡೆಗಳು ಈಗ ಎರಡೂ ಕಡೆ ಎದ್ದು ನಿಂತಿದ್ದವು. ನೀರಿನ ಗುರುತುಗಳು ಅವುಗಳ ಮೇಲೆ ಪಟ್ಟೆಪಟ್ಟೆಯಾಗಿ ಅವಳ ನೆತ್ತಿಗಿಂತ ಎಷ್ಟೋ ಮೇಲಿನವರೆಗೂ ಇದ್ದವು. ತಾನು ಪ್ರತಿ ದಿನ ಇಷ್ಟು ನೀರನ್ನು ಒಳಗೆ ಬಿಡುತ್ತಿದ್ದೆನೇ? ಚಕ್ರದ ಬಳಿ ನಿಂತಾಗ ಅದು ಒಂದು ಅಂಕಿ ಮಾತ್ರ. ಇಲ್ಲಿ ನಿಂತರೆ ಅದು ಮೇಲೆ ಕವಿದ ಒಂದು ಲೋಕ. ದೋಣಿಗಳು ಈಗ ಆಕಾಶದಲ್ಲಿದ್ದವು. ಜನ ಆಕಾಶದ ಅಂಚಿಗೆ ಸಾಲಾಗಿ ನಿಂತು ಕೆಳಗೆ ಬಗ್ಗಿದ್ದರು.

ಜನರೆಲ್ಲ ಹತ್ತಿಹೋಗಿ ಸ್ವಲ್ಪ ಹೊತ್ತಾಗಿದ್ದರಿಂದ ದಿನವಿಡೀ ಕಲಕಿದ ಕೆಸರು ಆಗಷ್ಟೇ ತಳಕ್ಕೆ ಕೂತಿತ್ತು. ಗುಂಡಿಗಳ ನೀರು ತಿಳಿಯಾಗಿತ್ತು. ಬೆಳಗಿನಿಂದ ಅಲ್ಲಿ ಓಡಾಡಿದ ಯಾರೂ ಅದನ್ನು ಕಂಡಿರಲಾರರು, ಅಷ್ಟೊಂದು ಕಾಲುಗಳ ನಡುವೆ ಅದು ಕಾಣುವಂಥದ್ದಲ್ಲ. ನದಿಯ ನಟ್ಟನಡುವೆ, ಎರಡು ಕಲ್ಲುಗಳ ಸಂದಿನಲ್ಲಿ, ಬೊಗಸೆಯಷ್ಟು ಮರಳು ತನ್ನಷ್ಟಕ್ಕೆ ಕುದಿಯುತ್ತಿತ್ತು. ಅವಳು ಕುಕ್ಕರಗಾಲಿನಲ್ಲಿ ಕೂತಳು. ಮರಳಿನ ಕಣಗಳು ಕೆಳಗಿನಿಂದ ಎದ್ದು, ತಿರುಗಿ, ಪಕ್ಕಕ್ಕೆ ಸರಿದು, ಮತ್ತೆ ಎದ್ದವು. ಸದ್ದೇ ಇರಲಿಲ್ಲ. ಬೆರಳಿಟ್ಟಳು. ನೆಲದೊಳಗಿನಿಂದ ತಣ್ಣನೆಯ ನೀರು ಅವಳ ಬೆರಳನ್ನು ಮೆಲ್ಲಗೆ ಮೇಲಕ್ಕೆ ತಳ್ಳಿತು.

ಅದು ಗೇಟು ದಾಟಿ ಬಂದ ನೀರಲ್ಲ. ಮೇಲೆ ಗೇಟು ಮುಚ್ಚಿದ್ದು ಅವಳೇ, ಒಂದು ಹನಿಯೂ ನುಸುಳದ ಹಾಗೆ. ಇದು ಇಲ್ಲೇ ಹುಟ್ಟುತ್ತಿದ್ದ ನೀರು. ಅವಳು ಏಳಲಿ ಬಿಡಲಿ, ಎತ್ತಲಿ ಇಳಿಸಲಿ, ಅಷ್ಟು ಆಳದ ನದಿಯ ಅಡಿಯಲ್ಲಿ ಹಗಲೂ ರಾತ್ರಿ ಯಾರ ಕೈಯ ಹಂಗೂ ಇಲ್ಲದೆ ಉಕ್ಕುತ್ತಿದ್ದ ನೀರು. ಇಷ್ಟು ವರ್ಷ ನದಿಯನ್ನು ನಿಲ್ಲಿಸಿದೆ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿತು. ನೀರು ಕಲ್ಲಿನ ಸಂದಿನಿಂದ ಎಳೆಯಾಗಿ ಇಳಿದು, ಇನ್ನೊಂದು ಅಂಥದ್ದೇ ಎಳೆಯನ್ನು ಕೂಡಿಕೊಂಡು, ಬಿಸಿಲಿನಲ್ಲಿ ಮಿನುಗುತ್ತಾ, ದೂರದ ತಿರುವಿನ ಕಡೆ ಹರಿದುಹೋಗುತ್ತಿತ್ತು. ಆ ತಿರುವಿನ ಆಚೆ ನದಿ ಹೇಗಿದೆ ಎಂದು ಟೈಲರಮ್ಮನೂ ಹೇಳಿರಲಿಲ್ಲ. ಕಸ ಎತ್ತುವವರು ಅಷ್ಟು ದೂರ ಹೋದವರೇ ಅಲ್ಲ.

"ಲೇ!" ಗಂಡ ದಡದಿಂದ ಎರಡೂ ಕೈ ಬಾಯಿಗಿಟ್ಟು ಕೂಗಿದ. "ಬಾರೇ! ಹೊತ್ತು ಮುಳುಗ್ತಾ ಇದೆ!"

ಅವಳು ಎದ್ದು ನಿಂತು ತಿರುಗಿ ನೋಡಿದಳು. ಸೂರ್ಯ ಸೇತುವೆಯ ಕಟಕಟೆಗೆ ತಾಗಿತ್ತು. ಈಗಲಾದರೂ ಹಿಂದೆ ಹೋದರೆ ಮಬ್ಬು ಬೆಳಕಿನಲ್ಲಾದರೂ ದೋಣಿಗಳು ಇಳಿಯುತ್ತವೆ, ಮಕ್ಕಳು ಈಜುತ್ತವೆ, ಕೊನೆಯ ವರ್ಷದ ಹಾಡು ನಡೆಯುತ್ತದೆ. ತಿರುವಿನವರೆಗೆ ಹೋದರೆ ಬರುವಷ್ಟರಲ್ಲಿ ಕತ್ತಲು, ಇವತ್ತಿಗೆ ಯಾವುದೂ ಇಲ್ಲ. ಅಷ್ಟೂ ಜನ ಮನೆಗೆ ಹೋಗುವಾಗ ತನ್ನನ್ನೇ ಅನ್ನುತ್ತಾರೆ. ಮಕ್ಕಳು ಅಳುತ್ತವೆ. ಮಕ್ಕಳ ಅಳು ಅವಳಿಗೆ ನಿಜವಾಗಿಯೂ ಚುಚ್ಚಿತು.

ಅವಳು ಬೂಟು ಬಿಚ್ಚಿ ಒಂದು ಕಲ್ಲಿನ ಮೇಲೆ ಜೋಡಿಸಿಟ್ಟಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡಳು. ನೀರಿನ ಎಳೆಯೊಳಗೆ ಬರಿಗಾಲಿಟ್ಟು, ಅದು ಹೋಗುತ್ತಿದ್ದ ಕಡೆಗೇ, ತಿರುವಿನ ಕಡೆಗೆ ನಡೆದಳು.